ಕುರಿದಡ್ಡಿಯ ಜ್ವರ

ನಮ್ಮ ಹಳ್ಳಿಗಳಲ್ಲಿ ಗಬ್ಬದ ಆಕಳೋ ಆಡೋ ದಿನ ತುಂಬುವ ಮೊದಲೇ ಪಿಂಡವನ್ನು ಕೆಡವಿದರೆ 'ಕಂದು ಹಾಕಿತು' ಎನ್ನುವರು. ಕಂದು ಎಂದೊಡನೆ ಬಾಡು, ಬಣ್ಣಗೆಡು ಎಂಬ ಅರ್ಥವೇ ಓದಿದವರಿಗೆ ಮೊದಲು ಹೊಳೆಯುವುದು. ದನಕರುಗಳ ನಡುವೆ ಬಾಳುವವನ ಬಾಯಲ್ಲಾದರೋ ಅದು ಬೆಳಕು ಕಾಣದೆ ಹೋದ ಎಳೆಯ ಜೀವ. ಬ್ರುಸೆಲ್ಲೋಸಿಸ್ ಎಂಬ ರೋಗಕ್ಕೆ ನಮ್ಮ ಪಶುವೈದ್ಯರು 'ಕಂದುರೋಗ'ವೆಂದು ಹೆಸರಿಟ್ಟದ್ದು ಈ ನುಡಿಯನ್ನು ಹಿಡಿದೇ. ಹೆಸರು ಸೊಗಸಾಗಿದೆ; ಆದರೆ ಅರ್ಧ ಮಾತ್ರ ನಿಜವಾಗಿದೆ. ಪಶುವಿಗೆ ಬಂದುದನ್ನಷ್ಟೇ ಅದು ಹೇಳುತ್ತದೆ. ಅದೇ ಸೂಕ್ಷ್ಮಾಣು ಆ ಪಶುವನ್ನು ಕಾಯುವವನ, ಹಾಲು ಹಿಂಡುವವಳ, ಆ ಹಾಲನ್ನು ಹಸಿಯಾಗಿಯೇ ಕುಡಿಯುವ ಮಗುವಿನ ಮೈಹೊಕ್ಕು ತಿಂಗಳುಗಟ್ಟಲೆ ಕುಳಿತುಕೊಳ್ಳುವುದುಂಟಲ್ಲ, ಅದಕ್ಕೆ ಜನರ ಬಾಯಲ್ಲಿ ಬೇರೆ ಹೆಸರಿಲ್ಲ. 'ಜ್ವರ' ಎಂದರೆ ಮುಗಿಯಿತು. ಹೆಸರಿಲ್ಲದುದನ್ನು ಎಣಿಸುವವರು ಯಾರು?

ಕೋವಿಡ್ ಮಹಾಮಾರಿಯು ೨೦೨೦ರಲ್ಲಿ ಜಗತ್ತನ್ನೆಲ್ಲ ಮನೆಯೊಳಗೆ ಕೂಡಿಹಾಕಿದ ಮೇಲೆ ವಿದ್ವಾಂಸರ ಹಾಗೂ ಸರಕಾರಗಳ ಬಾಯಲ್ಲಿ 'ಒಂದೇ ಆರೋಗ್ಯ' ಎಂಬ ಮಾತು ಬಹುವಾಗಿ ಕೇಳಬರುತ್ತಿದೆ. ಮನುಷ್ಯನ ಆರೋಗ್ಯ, ಪಶುವಿನ ಆರೋಗ್ಯ, ನೆಲಜಲಗಳ ಆರೋಗ್ಯ ಇವು ಬೇರೆ ಬೇರೆಯಲ್ಲ, ಒಂದೇ ಎಂಬುದು ಅದರ ತಾತ್ಪರ್ಯ. ೨೦೨೨ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಇದಕ್ಕೆಂದೇ ಒಂದು ರಾಷ್ಟ್ರೀಯ ಸಂಸ್ಥೆಗೆ ಅಡಿಗಲ್ಲನ್ನಿಡಲಾಯಿತು. ಪಶುರೋಗಗಳು ಹರಡುವ ಬಗೆಯನ್ನು ಅಭ್ಯಸಿಸುವ ಕೇಂದ್ರಸಂಸ್ಥೆಯೊಂದು ನಮ್ಮ ಬೆಂಗಳೂರಿನ ಯಲಹಂಕದಲ್ಲಿಯೇ ಇದೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಆರೋಗ್ಯವು ಒಂದೇ ಎಂದು ಹೇಳಿದಷ್ಟು ಸುಲಭವಾಗಿ ಅನಾರೋಗ್ಯವೂ ಎಲ್ಲರಿಗೆ ಒಂದೇ ಎಂದು ಹೇಳಲು ಬಾರದು. ಯಾರ ಜ್ವರ, ಯಾರ ಕುರಿ ಎಂಬ ಪ್ರಶ್ನೆಯನ್ನು ಕೇಳಿದೊಡನೆ ಆ ಒಂದು ಎಂಬುದು ನೂರಾಗಿ ಒಡೆಯುತ್ತದೆ. ಇದನ್ನು ದೂರದ ದೇಶಗಳಲ್ಲಿ ಹುಡುಕಬೇಕಾಗಿಲ್ಲ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯೇ ಸಾಕು.

ಈ ನಾಲ್ಕೂ ಹಳೆಯ ತಾಲೂಕುಗಳು. ೨೦೧೮ರ ಸುಮಾರಿಗೆ ಇವುಗಳನ್ನು ಒಡೆದು ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳೆಂಬ ಹೊಸ ತಾಲೂಕುಗಳನ್ನು ಮಾಡಿದರಾದರೂ ಜನರ ಮನಸ್ಸಿನಲ್ಲಿ ಸೀಮೆಯ ಗೆರೆಗಳು ಹಳೆಯವೇ. ಬಡಗಲಲ್ಲಿ ಭೀಮೆ, ತೆಂಕಲಲ್ಲಿ ಕೃಷ್ಣೆ, ನಡುವೆ ಉಪ್ಪುನೀರಿನ ಡೋಣಿ. ಎರೆಯ ನೆಲ, ಬಿಳಿಜೋಳ, ನಂಬಲಾಗದ ಮಳೆ. ಕಾಲುವೆಯ ನೀರು ಬಂದಲ್ಲಿ ಕಬ್ಬು, ಇಂಡಿಯ ಕಡೆಗೆ ನಿಂಬೆಯ ತೋಟ, ಮನೆಯ ಮುಂದೆ ಮಿಶ್ರತಳಿಯ ಆಕಳು. ನೀರು ಬಾರದಲ್ಲಿ ಕುರಿ ಮತ್ತು ಆಡು. ೨೦೧೯ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು ೧ ಕೋಟಿ ೧೧ ಲಕ್ಷ ಕುರಿಗಳಿವೆ. ದೇಶದಲ್ಲಿ ತೆಲಂಗಾಣ, ಆಂಧ್ರಗಳ ತರುವಾಯ ಮೂರನೆಯ ಸ್ಥಾನ ನಮ್ಮದು. ಈ ಸಂಖ್ಯೆಯ ಹಿಂದೆ ನಡೆಯುವ ಕಾಲುಗಳಿವೆ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿಯನ್ನು ತರುಬಿ, ಗೊಬ್ಬರಕ್ಕೆ ಬದಲು ಕಾಳನ್ನೋ ಕಾಸನ್ನೋ ಪಡೆದು, ಊರಿಂದೂರಿಗೆ ಸಾಗುವ ಕುರುಬರ ಸಂಸಾರಗಳಿವೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುವ, ತಾಂಡೆಯಲ್ಲಿ ನಾಲ್ಕು ಆಡುಗಳನ್ನು ಮುದುಕಿಯ ವಶಕ್ಕೆ ಬಿಟ್ಟುಹೋಗುವ ಲಂಬಾಣಿ ಕುಟುಂಬಗಳಿವೆ.

ಈ ಸೀಮೆಯ ಜ್ವರಕ್ಕೆ ಹೆಸರು ಹುಡುಕಿದ ಕೆಲಸ ಬೇರೆಲ್ಲಿಯೋ ನಡೆದುದಲ್ಲ. ೧೯೮೬ರಲ್ಲಿ ಆಗಿನ ಬಿಜಾಪುರದಲ್ಲಿ ಆರಂಭವಾದ ಬಿ. ಎಲ್. ಡಿ. ಇ. ಸಂಸ್ಥೆಯ ಶ್ರೀ ಬಿ. ಎಂ. ಪಾಟೀಲ ವೈದ್ಯಕೀಯ ಮಹಾವಿದ್ಯಾಲಯದ ಸೂಕ್ಷ್ಮಾಣುಶಾಸ್ತ್ರ ವಿಭಾಗದಲ್ಲಿ ಡಾ. ಬಿ. ಜಿ. ಮಂಟೂರ ಅವರೂ ಅವರ ಸಹೋದ್ಯೋಗಿಗಳೂ ವರ್ಷಗಟ್ಟಲೆ ಒಂದು ಸರಳವಾದ ಹಟವನ್ನು ಹಿಡಿದರು. ಜ್ವರವೆಂದು ಬಂದವರ ರಕ್ತವನ್ನು ಬೇರೆ ಪರೀಕ್ಷೆಗಳ ಜೊತೆಗೆ ಬ್ರುಸೆಲ್ಲಾಕ್ಕೂ ಪರೀಕ್ಷಿಸುವುದು, ಅಷ್ಟೇ. ೨೦೦೪ರಲ್ಲಿ ಅವರು ಪ್ರಕಟಿಸಿದ ಲೇಖನದಂತೆ ೫,೭೨೬ ಮಕ್ಕಳ ರಕ್ತದಲ್ಲಿ ೯೩ ಮಕ್ಕಳಿಗೆ ಈ ರೋಗವಿದ್ದುದು ಕಂಡುಬಂತು. ೨೦೦೬ರಲ್ಲಿ ಹದಿನಾರು ವರ್ಷಗಳ ಅನುಭವವನ್ನು ಒಟ್ಟುಗೂಡಿಸಿ ಬರೆದ ಮತ್ತೊಂದು ಲೇಖನದಲ್ಲಿ ವಯಸ್ಕರ ಪೈಕಿ ೪೯೫ ರೋಗಿಗಳ ವಿವರವಿದೆ. ಬಿಜಾಪುರವು ಈ ರೋಗದ ನೆಲೆವೀಡುಗಳಲ್ಲೊಂದೆಂದು ವೈದ್ಯಲೋಕ ತಿಳಿದುದು ಹೀಗೆ. ಮನುಷ್ಯರಲ್ಲಿ ಸಿಕ್ಕ ಸೂಕ್ಷ್ಮಾಣು ಬಹುತೇಕ ಬ್ರುಸೆಲ್ಲಾ ಮೆಲಿಟೆನ್ಸಿಸ್. ಅದು ಮುಖ್ಯವಾಗಿ ಆಡು ಕುರಿಗಳದು. ಆಕಳಿನದು ಬ್ರುಸೆಲ್ಲಾ ಅಬಾರ್ಟಸ್ ಎಂಬ ಬೇರೆ ಬಗೆ. ಇವೆರಡರಲ್ಲಿ ಮನುಷ್ಯನನ್ನು ಹೆಚ್ಚು ಕಾಡುವುದು ಆಡು ಕುರಿಗಳದೇ. ಈ ಒಂದು ಭೇದವನ್ನು ವಾಚಕರು ನೆನಪಿನಲ್ಲಿಡಬೇಕು.

ನೂರಕ್ಕೆ ಇಬ್ಬರೂ ಆಗಲಿಲ್ಲವಲ್ಲ, ಇದೇನು ದೊಡ್ಡ ರೋಗ ಎಂದು ಯಾರಾದರೂ ಕೇಳಿಯಾರು. ಆದರೆ ಈ ಎಣಿಕೆ ದವಾಖಾನೆಯ ಬಾಗಿಲಲ್ಲಿ ನಿಂತು ಮಾಡಿದ್ದು. ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳಗಳಿಂದ ಜಿಲ್ಲಾ ಪಟ್ಟಣಕ್ಕೆ ಸುಮಾರು ೪೦ರಿಂದ ೮೦ ಕಿಲೋಮೀಟರಿನ ಹಾದಿ. ಆ ಹಾದಿಯನ್ನು ಹತ್ತಿ ಬರುವುದಕ್ಕೆ ಮೊದಲು ಹಳ್ಳಿಯ ವೈದ್ಯನಲ್ಲಿ ಸೂಜಿ ಮಾಡಿಸಿಕೊಂಡು, ವಿಷಮಜ್ವರವೆಂದು ಎಂಟು ದಿನ ಗುಳಿಗೆ ನುಂಗಿ, ಕ್ಷಯವೋ ಎಂದು ಹೆದರಿ, ಸಾಲ ಮಾಡಿ ಬಂದವರಷ್ಟೇ ಈ ಲೆಕ್ಕದಲ್ಲಿದ್ದಾರೆ. ಬಾರದವನು ಲೆಕ್ಕದಲ್ಲಿ ಆರೋಗ್ಯವಂತ.

ಜ್ವರದ ಸ್ವಭಾವವೇ ಅಂಥದು. ಸಂಜೆಗೆ ಏರುತ್ತದೆ, ಬೆವರಿಳಿದು ಬೆಳಗಿಗೆ ಇಳಿಯುತ್ತದೆ, ಕೆಲವು ದಿನ ಬಿಟ್ಟು ಮತ್ತೆ ಬರುತ್ತದೆ. ಸೊಂಟ, ಮೊಣಕಾಲು, ಬೆನ್ನೆಲುಬುಗಳಲ್ಲಿ ನೋವು ಕೂಡುತ್ತದೆ. ಸಾವು ಅಪರೂಪ; ಆದರೆ ದುಡಿಯುವ ಮೈ ದುಡಿಯಲಾಗದಂತೆ ಆಗುವುದು ಅಪರೂಪವಲ್ಲ. ಬೆನ್ನು ನೋಯುತ್ತದೆ ಎಂದು ಹಾಸಿಗೆ ಹಿಡಿದ ಕುರುಬನನ್ನು ಮನೆಯವರೇ ಮೈಗಳ್ಳನೆಂದು ಜರೆಯುವುದುಂಟು. ಚಿಕಿತ್ಸೆ ಇಲ್ಲದ ರೋಗವೇನೂ ಅಲ್ಲ. ೧೯೮೬ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆ ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಎಂಬ ಎರಡು ಔಷಧಗಳನ್ನು ಕೂಡಿಸಿ ಆರು ವಾರ ಕೊಡಬೇಕೆಂದು ಸೂಚಿಸಿತ್ತು. ಆರು ವಾರ! ತಿಂಗಳ ಸಂಬಳದವನಿಗೆ ಇದು ತೊಂದರೆ. ದಿನಗೂಲಿಯವನಿಗೆ ಹಾಗೂ ಹಿಂಡಿನ ಹಿಂದೆ ನಡೆಯುವವನಿಗೆ ಇದು ಆಗದ ಮಾತು. ಹತ್ತು ದಿನಕ್ಕೆ ಜ್ವರ ಇಳಿದರೆ ಗುಳಿಗೆ ನಿಲ್ಲುತ್ತದೆ. ಕುರಿ ಮುಂದಿನ ಊರಿಗೆ ಹೋಗಿರುತ್ತದೆ, ಅದರೊಡನೆ ಅವನೂ. ಎರಡು ತಿಂಗಳಿಗೆ ಜ್ವರ ಮರಳುತ್ತದೆ, ಬೇರೊಂದು ತಾಲೂಕಿನ ಬೇರೊಬ್ಬ ವೈದ್ಯನೆದುರು ಹೊಸ ಜ್ವರವಾಗಿ.

ಮಾಲ್ಟಾ ಎಂಬ ನಡುಗಡ್ಡೆಯ ಕಥೆಯನ್ನು ಇಲ್ಲಿ ಹೇಳಬೇಕು. ಈ ರೋಗಕ್ಕೆ ಹಿಂದೆ ಮಾಲ್ಟಾ ಜ್ವರವೆಂದೇ ಹೆಸರಿತ್ತು. ಅಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನಿಕರು ಈ ಜ್ವರದಿಂದ ನರಳುತ್ತಿದ್ದರು. ೧೮೮೭ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾವೈದ್ಯನು ಸತ್ತ ಸೈನಿಕರ ಗುಲ್ಮದಲ್ಲಿ ಸೂಕ್ಷ್ಮಾಣುವನ್ನು ಕಂಡನು. ರೋಗಕ್ಕೆ ಅವನ ಹೆಸರೇ ಇಂದು ನಿಂತಿದೆ. ಆದರೆ ಅದು ಎಲ್ಲಿಂದ ಬರುತ್ತದೆಂಬುದನ್ನು ೧೯೦೫ರಲ್ಲಿ ತೋರಿಸಿದವನು ಆ ನಡುಗಡ್ಡೆಯವನೇ ಆದ ಥೆಮಿಸ್ಟೋಕ್ಲಿಸ್ ಜಾಮಿಟ್. ಹೊರಗೆ ಯಾವ ರೋಗದ ಚಿಹ್ನೆಯೂ ಇಲ್ಲದ ಆಡುಗಳ ಹಾಲಿನಲ್ಲಿಯೇ ಅದು ಇತ್ತು. ೧೯೦೬ರಲ್ಲಿ ಸೇನೆಯ ಊಟದಿಂದ ಆಡಿನ ಹಾಲನ್ನು ತೆಗೆದುಹಾಕಿದರು. ಸೈನಿಕರಲ್ಲಿ ಜ್ವರ ಬಹುಬೇಗ ಇಲ್ಲವಾಯಿತು. ವಿಜ್ಞಾನದ ಚರಿತ್ರೆ ಬರೆಯುವವರು ಬಹುಮಟ್ಟಿಗೆ ಇಲ್ಲಿಗೆ ಕಥೆಯನ್ನು ಮುಗಿಸಿ ಜಯಘೋಷ ಮಾಡುವರು. ಮುಗಿದದ್ದು ಸೈನಿಕರ ಕಥೆ. ಮನೆಮನೆಯ ಬಾಗಿಲಿಗೆ ಆಡನ್ನು ಅಟ್ಟಿಕೊಂಡು ಬಂದು ಅಲ್ಲಿಯೇ ಹಾಲು ಕರೆದುಕೊಡುತ್ತಿದ್ದ ಗೌಳಿಗನೂ, ಅದನ್ನು ಬಿಟ್ಟರೆ ಬೇರೆ ಹಾಲಿಲ್ಲದ ಮಾಲ್ಟಾದ ಬಡವರೂ ಮುಂದೆ ದಶಕಗಳವರೆಗೆ ಈ ಜ್ವರದಲ್ಲಿ ಬೆಂದರು. ಅಲ್ಲಿ ಹಾಲನ್ನು ಕಾಯಿಸಿ ಶುದ್ಧಗೊಳಿಸಿ ಹಂಚುವ ಏರ್ಪಾಡು ಬಂದುದು ೧೯೩೮ರಲ್ಲಿ. ಜ್ಞಾನ ಹುಟ್ಟಿದ ಊರಿನಲ್ಲಿಯೇ ಅದು ಬಡವನ ಮನೆಗೆ ಮುಟ್ಟಲು ಮೂವತ್ತಮೂರು ವರ್ಷ ಬೇಕಾಯಿತು.

ನಮ್ಮಲ್ಲಿ ಈಗ ನಡೆದಿರುವುದನ್ನು ಈ ಕಥೆಯ ಬೆಳಕಿನಲ್ಲಿ ನೋಡಬೇಕು. ೨೦೧೯ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರವು ೧೨ ಸಾವಿರ ಕೋಟಿ ರೂಪಾಯಿಗೂ ಮೀರಿದ ವೆಚ್ಚದ ಒಂದು ದೊಡ್ಡ ಕಾರ್ಯಕ್ರಮವನ್ನು ಮಥುರೆಯಲ್ಲಿ ಆರಂಭಿಸಿತು. ಕಾಲುಬಾಯಿ ಬೇನೆ, ಕಂದುರೋಗ ಎರಡನ್ನೂ ಲಸಿಕೆಯಿಂದ ಹತ್ತಿಕ್ಕುವುದು ಅದರ ಗುರಿ. ಪಶುರೋಗವೊಂದಕ್ಕೆ ದೇಶ ಇಷ್ಟು ಹಣ ತೆಗೆದಿರಿಸಿದ್ದು ಹೊಗಳಬೇಕಾದ ಮಾತೇ ಸರಿ. ಆದರೆ ಅದರ ಒಳಗೆ ಇಣುಕಿದರೆ ಒಂದು ವಿಚಿತ್ರ ಕಾಣುವುದು. ಕಾಲುಬಾಯಿ ಬೇನೆಯ ಲಸಿಕೆಗೆ ಆಕಳು ಎಮ್ಮೆಗಳ ಜೊತೆಗೆ ಕುರಿ, ಆಡು, ಹಂದಿಗಳನ್ನೂ ಲೆಕ್ಕಕ್ಕೆ ಹಿಡಿದರು. ಕಂದುರೋಗದ ಲಸಿಕೆಯನ್ನು ಮಾತ್ರ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ, ಎಂದರೆ ಆಕಳು ಎಮ್ಮೆಗಳ ಕರುಗಳಿಗೆ, ಗೊತ್ತುಮಾಡಿದರು. ಮನುಷ್ಯನನ್ನು ಹೆಚ್ಚು ಕಾಡುವ ಬಗೆ ಯಾವ ಪಶುವಿನಲ್ಲಿ ನೆಲೆಸಿದೆಯೋ ಆ ಪಶು ಹೊರಗುಳಿಯಿತು.

ಇದಕ್ಕೆ ಕಾರಣಗಳಿಲ್ಲವೆಂದು ನಾನು ಹೇಳುವುದಿಲ್ಲ. ಕರುಗಳಿಗೆ ಹಾಕುವ ಎಸ್-೧೯ ಎಂಬ ಲಸಿಕೆ ಬೇರೆ, ಆಡು ಕುರಿಗಳಿಗಾಗಿ ಲೋಕದಲ್ಲಿ ಬಳಕೆಯಲ್ಲಿರುವ ರೆವ್-೧ ಎಂಬ ಲಸಿಕೆ ಬೇರೆ. ಎರಡನೆಯದನ್ನು ಗಬ್ಬದ ಕುರಿಗೆ ಹಾಕಿದರೆ ಅದೇ ಕಂದು ಹಾಕಿಸೀತು. ಹಾಕುವವನ ಕೈಗೆ ಸೂಜಿ ತಗುಲಿದರೆ ಅವನಿಗೇ ಜ್ವರ ಬಂದೀತು. ನಡೆಯುವ ಹಿಂಡನ್ನು ಹಿಡಿದು ನಿಲ್ಲಿಸುವುದೂ ಸುಲಭವಲ್ಲ. ಆದರೆ ಕಷ್ಟವಾದುದನ್ನೆಲ್ಲ ಕೈಬಿಟ್ಟಿಲ್ಲವಲ್ಲ! ಕಾಲುಬಾಯಿ ಬೇನೆಯ ಲಸಿಕೆಗೆ ಇದೇ ಹಿಂಡನ್ನು ಹಿಡಿದು ನಿಲ್ಲಿಸಲು ಯೋಚಿಸಿದವರು ನಾವು. ನನಗೆ ತೋರುವ ಮಟ್ಟಿಗೆ ಸಂಗತಿ ಇಷ್ಟೇ: ಆಕಳಿನ ಹಾಲು ಡೇರಿಯ ಪುಸ್ತಕದಲ್ಲಿ ಲೀಟರುಗಳಾಗಿ ಬರೆದಿರುತ್ತದೆ, ಅದರ ನಷ್ಟ ಕಣ್ಣಿಗೆ ಕಾಣುತ್ತದೆ. ಆಡಿನ ಹಾಲನ್ನು ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ಅದು ಅಡವಿಯಲ್ಲಿ ಅಂಗೈಯಲ್ಲಿ ಹಿಂಡಿ ಕುಡಿದದ್ದು, ಕೂಸಿಗೆ ಒಳ್ಳೆಯದೆಂದು ಕಾಯಿಸದೆ ಕೊಟ್ಟದ್ದು. ಕುರಿ ಲೆಕ್ಕಕ್ಕೆ ಬರುವುದು ಅದರ ರೋಗ ಆಕಳಿಗೆ ತಗುಲೀತೆಂಬ ಭಯವಿದ್ದಾಗ. ಅದರ ರೋಗ ಕುರುಬನಿಗೆ ತಗುಲಿದಾಗ ಅಲ್ಲ.

ಇನ್ನೂ ಒಂದು ಕಾರಣ ಈ ಸೂಕ್ಷ್ಮಾಣುವಿನ ನಡತೆಯಲ್ಲಿಯೇ ಇದೆ. ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವುದು ತೀರ ವಿರಳ. ಪಶುವಿನಿಂದ ಮನುಷ್ಯನಿಗೆ ಬಂದು ಅಲ್ಲಿಯೇ ನಿಲ್ಲುತ್ತದೆ. ಕೋವಿಡ್ ಆದರೋ ಬಡವನ ಓಣಿಯಿಂದ ಶ್ರೀಮಂತನ ಬಂಗಲೆಗೆ, ಅಲ್ಲಿಂದ ವಿಮಾನ ಹತ್ತಿ ಮತ್ತೊಂದು ದೇಶಕ್ಕೆ ಹೋಗಬಲ್ಲುದಾಗಿತ್ತು. ಅದಕ್ಕೆಂದೇ ಒಂದು ವರ್ಷದೊಳಗೆ ಲಸಿಕೆ ಸಿದ್ಧವಾಯಿತು. ಕುರುಬನ ಜ್ವರ ಕುರುಬನಲ್ಲಿಯೇ ನಿಲ್ಲುತ್ತದೆ. ಅದು ಸಾಮಾಜಿಕ ಏಣಿಯನ್ನು ಹತ್ತಲರಿಯದು. ಪಶುವೈದ್ಯನಿಗೆ, ಕಸಾಯಿಖಾನೆಯ ಕೆಲಸಗಾರನಿಗೆ, ಪ್ರಯೋಗಶಾಲೆಯಲ್ಲಿ ರಕ್ತ ನೋಡುವವನಿಗೆ ಬಂದೀತು. ಕಾಯಿಸಿದ ಹಾಲು ಕುಡಿಯುವ ನಮಗೆ ಬಾರದು. ನಮಗೆ ಬಾರದ ರೋಗದ ಬಗೆಗೆ ನಮಗೆ ಇರುವ ಕುತೂಹಲ ಎಷ್ಟು ಎಂಬುದನ್ನು ಪ್ರಬಂಧಗಳ ಸಂಖ್ಯೆಯಿಂದಲೂ ಧನಸಹಾಯದ ಮೊತ್ತದಿಂದಲೂ ಅಳೆಯಬಹುದು.

ಹಳ್ಳಿಯ ಒಳಗೂ ಎಲ್ಲರೂ ಸಮಾನರಲ್ಲ. ಕುರಿಯನ್ನು 'ಪಾಲಿಗೆ' ಕೊಡುವ ಪದ್ಧತಿಯನ್ನು ಬಲ್ಲವರು ಬಲ್ಲರು. ಉಳ್ಳವನು ಹೆಣ್ಣು ಕುರಿಯನ್ನೋ ಆಡನ್ನೋ ಇಲ್ಲದವನ ಮನೆಯಲ್ಲಿ ಸಾಕಲು ಬಿಡುವನು. ಈದ ಮರಿಗಳಲ್ಲಿ ಇಬ್ಬರಿಗೂ ಪಾಲು. ತಾಯಿಕುರಿ ಒಡೆಯನದೇ. ಈಗ ಅದು ಕಂದು ಹಾಕಿತೆನ್ನೋಣ. ಒಡೆಯನ ಆಸ್ತಿ ನಿಂತಲ್ಲಿಯೇ ಇದೆ. ಸಾಕಿದವನ ವರ್ಷದ ದುಡಿಮೆ ಮಣ್ಣುಗೂಡಿತು. ಆ ಸತ್ತ ಪಿಂಡವನ್ನು ಬರಿಗೈಯಲ್ಲಿ ಎತ್ತಿ ಹೊರಗೆ ಹಾಕಿದವನೂ ಅವನೇ ಆದುದರಿಂದ ಜ್ವರವೂ ಅವನ ಪಾಲಿಗೇ. ಕಂದು ಹಾಕಿದ ಕುರಿಯನ್ನು ಒಡೆಯ ಮುಂದಿನ ಸಂತೆಗೆ ಹೊಡೆಯುವನು. ಕಡಮೆ ಬೆಲೆಗೆ ಸಿಕ್ಕಿತೆಂದು ಕೊಳ್ಳುವವನು ಇನ್ನೂ ಬಡವ. ರೋಗವು ಸಂತೆಯಲ್ಲಿ ಕೆಳಮುಖವಾಗಿ ಹರಿಯುವ ಬಗೆ ಇದು. ಯಾವ ರಕ್ತಪರೀಕ್ಷೆಯೂ ಇದನ್ನು ತೋರಿಸಲಾರದು; ಕೂತು ಕೇಳಿದರೆ ತಿಳಿದೀತು.

ಹೆಂಗಸರ ಮಾತು ಇನ್ನೂ ಬೇರೆ. ಕೊಟ್ಟಿಗೆ ಬಳಿಯುವವಳು, ಹಿಕ್ಕೆ ಗುಡಿಸುವವಳು, ಹಾಲು ಹಿಂಡುವವಳು, ಈದ ಆಡಿನ ಕಸ ಬೀಳದಿದ್ದರೆ ಹತ್ತಿರ ಕೂಡುವವಳು ಅವಳು. ಸಂಜೆಯ ಜ್ವರ, ಸೊಂಟದ ನೋವು ಎಂದರೆ ಅದು ಹೆಂಗಸಿಗೆ ಇದ್ದದ್ದೇ ಎಂದು ಮನೆಯವರೂ ಹೇಳುವರು, ಅವಳೂ ನಂಬುವಳು. ಬಸಿರಿನಲ್ಲಿ ಈ ರೋಗ ತಗುಲಿದರೆ ಮನುಷ್ಯರಿಗೂ ಗರ್ಭಪಾತವಾಗುವ ಸಂಭವವುಂಟು. ಆಡು ಕಂದು ಹಾಕಿದ್ದನ್ನು ಊರೆಲ್ಲ ಬಲ್ಲದು. ಇದನ್ನು ಮಾತ್ರ ದೇವರ ಇಚ್ಛೆಯೆಂದು ಮುಚ್ಚಿಬಿಡುವರು. ಒಂದೇ ಅಂಗಳದಲ್ಲಿ, ಒಂದೇ ಸೂಕ್ಷ್ಮಾಣುವಿನಿಂದ ಎರಡೂ ನಡೆದಿರಬಹುದೆಂಬ ಸಂಶಯ ಯಾರಿಗೆ ಬರಬೇಕು? ಪಶುವೈದ್ಯನಿಗೆ ಹೆಂಗಸನ್ನು ಕೇಳುವ ಅಧಿಕಾರವಿಲ್ಲ, ಮನುಷ್ಯವೈದ್ಯನಿಗೆ ಆಡನ್ನು ಕೇಳುವ ಅಭ್ಯಾಸವಿಲ್ಲ. ಇಬ್ಬರ ದವಾಖಾನೆಗಳೂ ಬಹುಶಃ ಒಂದೇ ರಸ್ತೆಯಲ್ಲಿವೆ.

ಪಶುಗಳಿಂದ ಮನುಷ್ಯರಿಗೆ ಬರುವ ರೋಗಗಳಿಗೆ 'ಜೂನೋಸಿಸ್' ಎಂಬ ಹೆಸರನ್ನು ಕೊಟ್ಟವನು ಜರ್ಮನಿಯ ರುಡಾಲ್ಫ್ ವಿರ್ಕೋವ್. ಅದೇ ವಿರ್ಕೋವನನ್ನು ೧೮೪೮ರಲ್ಲಿ, ಅವನಿನ್ನೂ ತರುಣನಾಗಿದ್ದಾಗ, ಮೇಲಿನ ಸೈಲೀಸಿಯಾ ಪ್ರಾಂತದ ಟೈಫಸ್ ಜ್ವರವನ್ನು ಕಂಡುಬರಲು ಸರಕಾರ ಕಳಿಸಿತ್ತು. ಔಷಧದ ಪಟ್ಟಿಯನ್ನು ನಿರೀಕ್ಷಿಸಿದ್ದ ಅಧಿಕಾರಿಗಳಿಗೆ ಅವನು ಹಸಿವು, ಅಜ್ಞಾನ, ಜಮೀನುದಾರಿಕೆ, ಜನರ ಭಾಷೆಯಲ್ಲಿ ಶಿಕ್ಷಣವಿಲ್ಲದಿರುವುದು ಇವುಗಳ ಪಟ್ಟಿಯನ್ನು ತಂದುಕೊಟ್ಟನು. ಈ ಎರಡು ವಿಚಾರಗಳೂ ಒಬ್ಬನ ತಲೆಯಲ್ಲಿಯೇ ಹುಟ್ಟಿದುವು ಎಂಬುದನ್ನು 'ಒಂದೇ ಆರೋಗ್ಯ'ದ ಇಂದಿನ ಪ್ರವರ್ತಕರಲ್ಲಿ ಕೆಲವರು ಮರೆತಂತಿದೆ. ಮೊದಲನೆಯದನ್ನು ತೆಗೆದುಕೊಂಡರು, ಎರಡನೆಯದನ್ನು ಕಪಾಟಿನಲ್ಲಿಟ್ಟರು.

ಹಣದ ಮಾತಿಗೆ ಬಂದರೆ ಮಂಗೋಲಿಯಾದ ಉದಾಹರಣೆ ನಮಗೆ ಹತ್ತಿರದ್ದು. ಅದೂ ಕುರಿಗಾಹಿಗಳ ದೇಶ. ಅಲ್ಲಿ ಕುರಿ, ಆಡು, ದನಗಳಿಗೆ ಹತ್ತು ವರ್ಷ ಲಸಿಕೆ ಹಾಕಿದರೆ ಯಾರಿಗೆ ಎಷ್ಟು ಲಾಭವಾದೀತೆಂದು ಲೆಕ್ಕ ಹಾಕಿದ ಅಧ್ಯಯನವೊಂದು ೨೦೦೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ರೋಗದ ಹರಡುವಿಕೆ ಅರ್ಧಕ್ಕೆ ಇಳಿದರೆ, ಹಾಕಿದ ಒಂದಕ್ಕೆ ಮೂರಕ್ಕೂ ಮಿಗಿಲಾದ ಲಾಭ. ಆದರೆ ಆರೋಗ್ಯ ಇಲಾಖೆ ಒಂದೇ ಈ ವೆಚ್ಚವನ್ನು ಹೊತ್ತರೆ ಅದಕ್ಕೆ ಗಿಟ್ಟದು. ಬೇಸಾಯದ ಲಾಭ, ಮನೆಯವರು ಉಳಿಸಿದ ಕೂಲಿ, ದವಾಖಾನೆಯ ಉಳಿತಾಯ ಎಲ್ಲವನ್ನೂ ಕೂಡಿಸಿ ವೆಚ್ಚವನ್ನು ಹಂಚಿಕೊಂಡರೆ ಎಲ್ಲರಿಗೂ ಗಿಟ್ಟುವುದು. ನಮ್ಮಲ್ಲಿ ಪಶುಸಂಗೋಪನೆಯ ಖಾತೆ ಬೇರೆ, ಆರೋಗ್ಯದ ಖಾತೆ ಬೇರೆ. ಕುರಿಯ ಲಸಿಕೆಯಿಂದ ಉಳಿದ ಮನುಷ್ಯನ ಬೆನ್ನೆಲುಬು ಯಾವ ಖಾತೆಯಲ್ಲಿಯೂ ಜಮೆಯಾಗುವುದಿಲ್ಲ.

ಸಿಂದಗಿ ತಾಲೂಕಿನ ಗೋಲಗೇರಿಯಲ್ಲಿ ಗೊಲ್ಲಾಳೇಶ್ವರನ ಗುಡಿಯಿದೆ. ಶರಣರಲ್ಲಿ ಎಣಿಕೆಯಾದ ವೀರಗೊಲ್ಲಾಳ ಕುರಿ ಕಾಯುವವನು. ಕುರಿಯ ಹಿಕ್ಕೆಯನ್ನೇ ಲಿಂಗವೆಂದು ನಂಬಿ ಪೂಜಿಸಿದನೆಂದು ಐತಿಹ್ಯ. ತರಗತಿಯಲ್ಲಿ ಇದನ್ನು ಮುಗ್ಧಭಕ್ತಿಯ ನಿದರ್ಶನವೆಂದು ನಾವು ಪಾಠ ಹೇಳುತ್ತ ಬಂದಿದ್ದೇವೆ. ಆದರೆ ಎರೆಯ ಹೊಲಕ್ಕೆ ಆ ಹಿಕ್ಕೆಯೇ ಅನ್ನವೆಂಬುದನ್ನು ಅರಿತ ಜನ ಕಟ್ಟಿದ ಕಥೆ ಅದು ಎಂದೂ ಓದಬಹುದಲ್ಲವೆ? ಈ ಸೀಮೆಯಲ್ಲಿ ಸಂಶೋಧನೆಗೆ ಬರುವವರು ಕುರಿಗಾಹಿಯನ್ನು ರಕ್ತದ ಸೀಸೆಯಾಗಿ ಮಾತ್ರ ನೋಡಿದರೆ ಪಡೆಯುವುದು ಅಲ್ಪ. ಯಾವ ಕುರಿ ಯಾವಾಗ ಕಂದು ಹಾಕಿತು, ಅದನ್ನು ಯಾರಿಂದ ಕೊಂಡದ್ದು, ಆ ವರ್ಷ ಮನೆಯಲ್ಲಿ ಯಾರು ಮಲಗಿದ್ದರು, ಇವೆಲ್ಲ ಅವನ ನೆನಪಿನಲ್ಲಿವೆ, ಅವನ ಹೆಂಡತಿಯ ನೆನಪಿನಲ್ಲಿ ಇನ್ನೂ ಸ್ಪಷ್ಟವಾಗಿವೆ. ರಕ್ತ ತೆಗೆದುಕೊಂಡು ಹೋದವರು ಉತ್ತರ ತಂದುಕೊಡಬೇಕು. ರೋಗವಿದೆಯೆಂದು ಹೇಳಿದವರು ಆರು ವಾರದ ಗುಳಿಗೆಯನ್ನು ಒಟ್ಟಿಗೇ ಕೈಯಲ್ಲಿಡಬೇಕು, ಮುಂದಿನ ಊರಿನ ದವಾಖಾನೆಗೆ ಚೀಟಿ ಬರೆದುಕೊಡಬೇಕು.

ಹಾಲನ್ನು ಕಾಯಿಸಿ ಕುಡಿಯಿರಿ ಎಂಬ ಉಪದೇಶ ಸರಿಯಾದುದೇ. ಅದನ್ನು ಗೋಡೆಯ ಮೇಲೆ ಬರೆಯಿಸುವುದಕ್ಕೂ ಖರ್ಚು ಕಡಮೆ. ಆದರೆ ಹಿಂಡಿನೊಡನೆ ಬಯಲಲ್ಲಿ ಇರುವವನಿಗೆ ನಡುಹಗಲಿನಲ್ಲಿ ಒಲೆ ಎಲ್ಲಿ? ಅದಕ್ಕಿಂತ ಕುರಿಯ ಲಸಿಕೆಯ ಮಾತನ್ನು ಮತ್ತೆ ಎತ್ತುವುದು ಮೇಲು. ರೆವ್-೧ ಲಸಿಕೆಯನ್ನು ಮೂರರಿಂದ ಆರು ತಿಂಗಳ ಮರಿಗಳಿಗೆ, ಕಣ್ಣಿನಲ್ಲಿ ಹನಿಯಾಗಿ ಹಾಕುವ ಕ್ರಮ ಬೇರೆ ದೇಶಗಳಲ್ಲಿ ಇದೆ. ಆ ವಯಸ್ಸಿನಲ್ಲಿ ಗಬ್ಬದ ಭಯವಿಲ್ಲ, ಹನಿಯಾದುದರಿಂದ ಸೂಜಿಯ ಭಯವೂ ಇಲ್ಲ. ಮರಿಗಳು ಆ ವಯಸ್ಸಿಗೆ ಬರುವಾಗ ಹಿಂಡು ಯಾವ ಊರಿನ ಹೊಲದಲ್ಲಿ ತರುಬಿರುತ್ತದೆಂಬುದು ಇಲಾಖೆಯ ಕಡತದಲ್ಲಿಲ್ಲ. ಮುದ್ದೇಬಿಹಾಳದ ಯಾವ ಕುರುಬನನ್ನು ಕೇಳಿದರೂ ಊರಿನ ಹೆಸರನ್ನೂ ಹೊಲದ ಒಡೆಯನ ಹೆಸರನ್ನೂ ಕೂಡಿಯೇ ಹೇಳುವನು.